ಒಂದು ಎದೆಯಲ್ಲಿ ಇಬ್ಬರು

ಎಲ್ಲ ಶುರುವಾದದ್ದು ಒಂದು ತುರಿಕೆಯಿಂದ. ಎದೆಯ ಎಡಭಾಗದಲ್ಲಿ, ಪಟ್ಟಿ ಬಿಗಿದಿದ್ದ ಜಾಗದಲ್ಲೇ, ದಾರಿ ತಪ್ಪಿದ ಇರುವೆಯೊಂದು ಮನೆ ಹುಡುಕಿಕೊಂಡು ಓಡಾಡಿದ ಹಾಗಾಯಿತು. ಗೊಂಬೆ ಮಾಮ ಅಂಗಿಯ ಮೇಲಿಂದಲೇ ಕೆರೆದ. ಇರುವೆ ನಾಲ್ಕು ಬೆರಳು ಆಚೆಗೆ ಹೋಯಿತು. ಅಲ್ಲಿ ಕೆರೆದ. ಮತ್ತೆ ಮೊದಲಿನ ಜಾಗಕ್ಕೇ ಬಂತು.

ಅವನು ನರ್ಸಿಂಗ್ ಶಾಲೆಯ ಅಭ್ಯಾಸದ ಕೋಣೆಯನ್ನು ನೋಡಿಕೊಳ್ಳುವವನು. ಅಲ್ಲಿ ಆರು ಹಾಸಿಗೆ, ಆರು ಗೊಂಬೆ. ಹುಡುಗಿಯರು ಸೂಜಿ ಚುಚ್ಚುವುದನ್ನು, ಬ್ಯಾಂಡೇಜು ಸುತ್ತುವುದನ್ನು, ಸ್ಪಂಜಿನಲ್ಲಿ ಮೈ ಒರೆಸುವುದನ್ನು ಮೊದಲು ಕಲಿಯುವುದು ಆ ಗೊಂಬೆಗಳ ಮೇಲೆ. ಅವರು ಚುಚ್ಚಿ ತೂತು ಮಾಡಿದ್ದಕ್ಕೆ ತೇಪೆ ಹಾಕುವುದು, ಕಳಚಿದ ಕೈ ಸಿಕ್ಕಿಸುವುದು, ಸಂಜೆ ಎಲ್ಲರಿಗೂ ಕತ್ತಿನವರೆಗೆ ಹೊದಿಕೆ ಹೊದಿಸುವುದು ಮಾಮನ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿದ್ದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು.

ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಒಬ್ಬ ಡಾಕ್ಟರಮ್ಮ ಪೆಟ್ಟಿಗೆ ತುಂಬ ಪಟ್ಟಿಗಳನ್ನು ತಂದು, ಶಾಲೆಯಲ್ಲಿ ಕೆಲಸ ಮಾಡುವ ಹನ್ನೊಂದು ಜನರ ಎದೆಗೂ ಕಟ್ಟಿಸಿದ್ದರು. "ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಚ್ಚಬೇಡಿ. ನಿಮ್ಮ ಪಾಡಿಗೆ ಕೆಲಸ ಮಾಡ್ಕೊಳ್ಳಿ. ಒಂದೊಂದು ಬಡಿತಕ್ಕೂ ನಡುವೆ ಎಷ್ಟು ಬಿಡುವು ಇದೆ ಅಂತ ಇದು ಬರ್ಕೊಳ್ಳುತ್ತೆ. ಮುಂದೆ ಯಾರ ಹೃದಯಕ್ಕೆ ಅಪಾಯ ಬರಬಹುದು ಅನ್ನೋ ಸುಳಿವು ಅದರಲ್ಲಿ ಸಿಗುತ್ತೆ. ಪಟ್ಟಿಗೆ ಎದೆಬಡಿತ ಸಿಗದೇ ಹೋದ್ರೆ ಕೂಗುತ್ತೆ, ಹೆದರಬೇಡಿ" ಎಂದಿದ್ದರು.

ಮಾಮ ಆಗಲೇ ಹೆದರಿದ್ದ. ಮುಂದಿನ ಮಂಗಳವಾರ ಅವನಿಗೆ ಐವತ್ತೆರಡು ತುಂಬುತ್ತಿತ್ತು. ಅವನ ಅಪ್ಪ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ಷೂ ದಾರ ಕಟ್ಟಲು ಬಗ್ಗಿದವರು ಮತ್ತೆ ತಲೆ ಎತ್ತಲಿಲ್ಲ. ಗಂಟು ಅರ್ಧ ಬಿದ್ದಿತ್ತಂತೆ. ಅಂದಿನಿಂದ ಮಾಮ ದಾರವಿರುವ ಷೂ ಹಾಕಿದವನೇ ಅಲ್ಲ. ಆ ಮಟ್ಟಿಗೆ ತನ್ನ ಹೃದಯವನ್ನು ಚೆನ್ನಾಗಿ ಕಾಪಾಡಿಕೊಂಡಿದ್ದೇನೆ ಎಂದೇ ಅವನು ನಂಬಿದ್ದ. ಹೆಂಡತಿ ನಂಬಿರಲಿಲ್ಲ.

"ಪ್ರತಿ ಸಲ ಪರೀಕ್ಷೆ ಅಂದ್ರೆ ಏನೋ ಒಂದು ನೆಪ ಹೇಳ್ತೀರಿ. ಇವತ್ತು ಪರೀಕ್ಷೆನೇ ನಿಮ್ಮನ್ನ ಹುಡುಕ್ಕೊಂಡು ಬಂದಿದೆ" ಎಂದು ಅವಳು ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ದಳು. "ಎದೆ ಚೆನ್ನಾಗಿದೆ ಅಂತ ಚೀಟಿ ತಂದ್ರೆ ಒಳಗೆ ಬನ್ನಿ. ಇಲ್ಲಾಂದ್ರೆ ನಿಮ್ಮ ಗೊಂಬೆಗಳ ಜೊತೆನೇ ಮಲಗಿ."

ಇರುವೆ ಈಗ ಪಟ್ಟಿಯ ಕೆಳಗೇ ನುಗ್ಗಿತು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಹುಡುಗಿಯರು ಪಾಠದಲ್ಲಿದ್ದರು. ಕೋಣೆಯಲ್ಲಿ ಮಾಮ ಮತ್ತು ಆರು ಗೊಂಬೆ, ಅಷ್ಟೆ. ಒಂದೇ ಒಂದು ಸಲ ಬಿಚ್ಚಿ, ಮನಸಾರೆ ಕೆರೆದುಕೊಂಡು ಮತ್ತೆ ಕಟ್ಟಿಕೊಂಡರೆ ಯಾರಿಗೆ ತಿಳಿಯುತ್ತದೆ? ಮಾಮ ಅಂಗಿಯ ಗುಂಡಿ ತೆಗೆದು ಪಟ್ಟಿ ಬಿಚ್ಚಿದ.

ಪಟ್ಟಿ ಕೂಗಿತು.

ಸಾಮಾನ್ಯ ಕೂಗಲ್ಲ ಅದು. ತಾಯಿಯ ಕಂಕುಳಿಂದ ಕಿತ್ತುಕೊಂಡ ಮಗುವಿನ ಹಾಗೆ, ಉಸಿರು ತೆಗೆದುಕೊಳ್ಳದೆ, ಒಂದೇ ಸಮನೆ ಕಿರುಚಿತು. ಮಾಮ ಅದನ್ನು ದಿಂಬಿನ ಕೆಳಗೆ ಅದುಮಿದ. ದಿಂಬು ಕಿರುಚಿತು. ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿದ. ಅಂಗೈ ಕಿರುಚಿತು. ಅಷ್ಟರಲ್ಲಿ ಹೊರಗೆ ಪ್ರಿನ್ಸಿಪಾಲ್ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು. ಆ ಸದ್ದು ಕೇಳಿದರೆ ಹುಡುಗಿಯರು ಜಡೆ ಸರಿಮಾಡಿಕೊಳ್ಳುತ್ತಿದ್ದರು, ಗುಮಾಸ್ತ ಎಚ್ಚರವಾಗುತ್ತಿದ್ದ.

ಮತ್ತೆ ಕಟ್ಟಿಕೊಳ್ಳಲು ನೋಡಿದರೆ ಗಡಿಬಿಡಿಯಲ್ಲಿ ಕೊಂಡಿ ಸಿಗಲಿಲ್ಲ. ಆಗ ಮಾಮನ ಕಣ್ಣು ನಾಲ್ಕನೇ ಹಾಸಿಗೆಯ ಮೇಲೆ ಬಿತ್ತು.

ಉಳಿದ ಐದೂ ಹಳೆಯ ಗೊಂಬೆಗಳು. ಒಂದಕ್ಕೆ ಮೂಗು ಸವೆದಿತ್ತು, ಒಂದರ ಕಣ್ಣಿಗೆ ಯಾರೋ ಕಾಡಿಗೆ ಹಚ್ಚಿದ್ದರು. ಅವು ಸತ್ತ ಹಾಗೆಯೇ ಇದ್ದುದರಿಂದ ಮಾಮನಿಗೆ ಅವುಗಳ ಭಯವಿರಲಿಲ್ಲ. ನಾಲ್ಕನೇ ಹಾಸಿಗೆಯವನು ಬಂದು ಒಂದು ತಿಂಗಳಾಗಿತ್ತು. ಅವನು ಉಸಿರಾಡುತ್ತಿದ್ದ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮೈ ಬೆಚ್ಚಗಿರುತ್ತಿತ್ತು. ಬೆರಳಿಟ್ಟರೆ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವನು ಆಗಾಗ ಕಣ್ಣು ಮಿಟುಕಿಸುತ್ತಿದ್ದ, ಅದೂ ಮಾಮ ಬೆನ್ನು ತಿರುಗಿಸಿ ಮತ್ತೆ ನೋಡುವ ಹೊತ್ತಿಗೆ ಸರಿಯಾಗಿ. ಮಾಮ ಅವನನ್ನು ಒರೆಸುವಾಗ ಯಾವಾಗಲೂ ಮುಖದಿಂದ ಶುರುಮಾಡದೆ ಕಾಲಿನಿಂದ ಶುರುಮಾಡುತ್ತಿದ್ದ.

ಈಗ ಹೊದಿಕೆ ಸರಿಸಿ, ಪಟ್ಟಿಯನ್ನು ಆ ಎದೆಗೆ ಸುತ್ತಿಬಿಟ್ಟ.

ಕೂಗು ಗಪ್ಪನೆ ನಿಂತಿತು. ಪಟ್ಟಿಯ ಮೇಲಿನ ಹಸಿರು ದೀಪ ಮಿಣುಕತೊಡಗಿತು. ಅದಕ್ಕೆ ಒಂದಿಷ್ಟೂ ಅನುಮಾನ ಬರಲಿಲ್ಲ. ಬೇಕಾದ ಮನೆ ಸಿಕ್ಕಿತೆನ್ನುವಂತೆ ಬೆಚ್ಚಗೆ ಕೂತುಬಿಟ್ಟಿತು. ಮಾಮ ಹೊದಿಕೆಯನ್ನು ಗೊಂಬೆಯ ಗಲ್ಲದವರೆಗೆ ಎಳೆದ.

"ಏನ್ರೀ ಅದು ಸದ್ದು?" ಮೇಡಂ ಬಾಗಿಲಲ್ಲಿದ್ದರು.

"ಕಿಟಕಿ ಮೇಡಂ. ಕೊಂಡಿಗೆ ಎಣ್ಣೆ ಹಾಕ್ಬೇಕು."

"ಎಣ್ಣೆ ಆಮೇಲೆ. ಗೋದಾಮಿನಲ್ಲಿ ಸಾಮಾನು ಬಂದು ಬಿದ್ದಿದೆ, ನಡೀರಿ. ಅಂಗಿ ಗುಂಡಿ ಹಾಕ್ಕೊಳ್ಳಿ."

ಐದು ನಿಮಿಷದ ಕೆಲಸವೆಂದು ಹೋದವನು ಹತ್ತಿ, ಬ್ಯಾಂಡೇಜು, ಬೆಡ್‌ಪ್ಯಾನುಗಳ ಪೆಟ್ಟಿಗೆಗಳನ್ನೆಲ್ಲ ಹೊತ್ತು, ಜೋಡಿಸಿ, ಮೇಡಂಗೆ ಇಷ್ಟವಾಗದೆ ಮತ್ತೊಮ್ಮೆ ಜೋಡಿಸಿ ವಾಪಸು ಬಂದಾಗ ಹನ್ನೊಂದೂಮುಕ್ಕಾಲು. ಕೋಣೆ ತಣ್ಣಗಿತ್ತು. ಹಸಿರು ದೀಪ ಹೊದಿಕೆಯ ಅಡಿಯಿಂದಲೇ ಮಿಣುಕುತ್ತಿತ್ತು. ಗೊಂಬೆಯ ಕಣ್ಣು ತೆರೆದಿತ್ತು. ಹೋಗುವಾಗ ಮುಚ್ಚಿತ್ತೆಂದು ಮಾಮ ಆಣೆ ಮಾಡಿ ಹೇಳಬಲ್ಲ.

"ಕೊಡಪ್ಪಾ ನಂದು ನಂಗೆ" ಎಂದು ಪಿಸುಗುಟ್ಟಿ ಪಟ್ಟಿ ಬಿಚ್ಚಿದ. ಅದು ಒಂದು ಕ್ಷಣ ಕುಂಯ್ ಎಂದು, ಅವನ ಎದೆಗೆ ಬಂದ ಮೇಲೆ ಸುಮ್ಮನಾಯಿತು. ಬೇರೆಯವರು ಹಾಕಿ ಬಿಚ್ಚಿದ ಬನಿಯನ್ ಹಾಕಿಕೊಂಡ ಹಾಗೆ ಬೆಚ್ಚಗಿತ್ತು ಪಟ್ಟಿ. ತುರಿಕೆ ಮಾತ್ರ ಎಲ್ಲಿಗೋ ಹೋಗಿತ್ತು.

ಎರಡು ಗಂಟೆಗೆ ಎಲ್ಲರೂ ಪಾಠದ ಹಾಲಿನಲ್ಲಿ ಸೇರಿದರು. ಕಿಟಕಿಗಳಿಗೆ ಪರದೆ ಎಳೆದು ಗೋಡೆಯ ಮೇಲೆ ಚಿತ್ರ ಬಿಟ್ಟಿದ್ದರು. ಅರೆಗತ್ತಲಲ್ಲಿ ಎಲ್ಲರ ಮುಖವೂ ಸ್ವಲ್ಪ ಗೊಂಬೆಗಳ ಹಾಗೆಯೇ ಕಾಣುತ್ತಿತ್ತು.

"ಎಲ್ಲರೂ ಒಂದು ತಪ್ಪು ತಿಳ್ಕೊಂಡಿರ್ತಾರೆ. ಒಳ್ಳೆ ಹೃದಯ ಗಡಿಯಾರದ ಹಾಗೆ ಬಡಿಯುತ್ತೆ ಅಂತ" ಎಂದರು ಡಾಕ್ಟರಮ್ಮ. "ಇಲ್ಲ. ಒಳ್ಳೆ ಹೃದಯ ಉಸಿರು ತಗೊಂಡಾಗ ಸ್ವಲ್ಪ ಬೇಗ ಬಡಿಯುತ್ತೆ, ಬಿಟ್ಟಾಗ ನಿಧಾನ. ಕೂತ್ರೆ ಒಂದು ಥರ, ನಗು ಬಂದ್ರೆ ಒಂದು ಥರ. ನಡುವಿನ ಬಿಡುವು ಬದಲಾಗ್ತಾನೇ ಇರಬೇಕು. ಬದಲಾಗೋದು ತೀರಾ ಕಮ್ಮಿ ಆದ್ರೆ ನಾವು ಯೋಚನೆ ಮಾಡ್ಬೇಕು."

"ಅಂದ್ರೆ ಶಿಸ್ತಾಗಿ ಬಡಿದ್ರೆ ಕೆಟ್ಟದ್ದಾ?" ಮೇಡಂಗೆ ಇದು ಸರಿಬರಲಿಲ್ಲ.

"ಹೃದಯದ ಮಟ್ಟಿಗೆ ಹೌದು ಮೇಡಂ."

ಮೊದಲು ಗೇಟಿನಲ್ಲಿ ಕೂರುವ ಅಕ್ಕನ ಎದೆಬಡಿತದ ಬಿಡುವುಗಳನ್ನು ತೋರಿಸುವ ಗೆರೆ ಬಂತು. ಬೆಕ್ಕು ಎಳೆದಾಡಿದ ನೂಲಿನುಂಡೆಯ ಹಾಗಿತ್ತು. "ತುಂಬಾ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. ಅಕ್ಕ ಸುತ್ತಲೂ ನೋಡಿ ನೆಟ್ಟಗೆ ಕೂತಳು. ಗುಮಾಸ್ತನ ಗೆರೆ ಪರವಾಗಿಲ್ಲ ಎನ್ನುವಂತಿತ್ತು. ಆಮೇಲೆ ಮಾಮನ ಸರದಿ.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಮೇಲೆ ಎರಡು ಚಿತ್ರವಿತ್ತು. ಒಂದರಲ್ಲಿ ಗೆರೆ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಏಳುತ್ತ ಬೀಳುತ್ತ ಹೋಗಿತ್ತು. ಇನ್ನೊಂದರಲ್ಲಿ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ, ಎಲ್ಲೂ ಉಸಿರು ತೆಗೆದುಕೊಳ್ಳದೆ.

"ಈ ಎರಡೂ ಇವರದೇ" ಎಂದರು ನಿಧಾನವಾಗಿ. "ಬೇರೆ ಬೇರೆ ಹೊತ್ತಿನಲ್ಲಿ ತಗೊಂಡದ್ದು. ಇಂಥದ್ದು ನಾನು ನೋಡಿಲ್ಲ. ಒಂದೇ ಎದೆಯಲ್ಲಿ ಇಬ್ಬರು ಇದ್ದ ಹಾಗಿದೆ."

ಮಾಮನ ಪಕ್ಕದಲ್ಲಿ ಕೂತಿದ್ದ ಗೇಟಿನ ಅಕ್ಕ ತನ್ನ ಕುರ್ಚಿಯನ್ನು ಸದ್ದಾಗದಂತೆ ಒಂದು ಗೇಣು ಆಚೆಗೆ ಸರಿಸಿದಳು.

ಮಾಮ ಅಂಗಿಯ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಂಡ. ಆಮೇಲೆ ಇದ್ದಕ್ಕಿದ್ದ ಹಾಗೆ ತಲೆಗೆ ಹೊಳೆಯಿತು. ನೇರ ಗೆರೆ ಗೊಂಬೆಯದು! ವಿದ್ಯುತ್ತಿನಲ್ಲಿ ಓಡುವ ಎದೆ ಗೆರೆ ಹೊಡೆದ ಹಾಗೆ ಬಡಿಯದೆ ಇನ್ನೇನು ಮಾಡುತ್ತದೆ? ಹಾಗಾದರೆ ಆ ಕುಣಿಯುವ ಗೆರೆ, ಆ ಚೆಂದದ ಗೆರೆ, ಅದು ತನ್ನದು. ಚಿತ್ರಗಳ ಅಡಿಯಲ್ಲಿ ಏನೋ ಅಂಕಿಗಳಿದ್ದವು. ಓದುವ ಕನ್ನಡಕ ಮನೆಯಲ್ಲಿತ್ತು. ಓದುವ ಅಗತ್ಯವಾದರೂ ಏನು? ಅಪ್ಪನ ಎದೆ ತನಗೆ ಬಂದಿಲ್ಲ. ಮಂಗಳವಾರ ಬರಲಿ, ಅದರ ಮೇಲೆ ಇನ್ನೂ ಮೂವತ್ತು ಹುಟ್ಟುಹಬ್ಬ ಬರಲಿ. ಮಾಮನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತುಟಿ ಕಚ್ಚಿ ತಡೆದರೂ ಅರ್ಧ ನಗು ಹೊರಗೆ ಬಂದೇಬಿಟ್ಟಿತು.

"ನಗ್ತಿದ್ದಾನೆ" ಎಂದಳು ಗೇಟಿನ ಅಕ್ಕ, ಪಿಸುದನಿಯಲ್ಲಿ. "ಅಯ್ಯೋ ನೋಡಿ, ನಗ್ತಿದ್ದಾನೆ."

"ನಗ್ತಿರೋದು ಇವನಲ್ಲ" ಎಂದ ಗುಮಾಸ್ತ. "ಇನ್ನೊಬ್ಬ."

ಅಲ್ಲಿಂದ ಯಾವುದೂ ಮಾಮನ ಕೈಯಲ್ಲಿ ಉಳಿಯಲಿಲ್ಲ. ಗಾಲಿಕುರ್ಚಿ ಬಂತು. "ನಾನು ನಡೀತೀನಿ" ಎಂದು ಎದ್ದರೆ ನಾಲ್ಕು ಜನ ಹೆಗಲು ಹಿಡಿದು ಕೂರಿಸಿದರು. ಇದ್ದ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದರೆ ಎದುರಿಗೆ ಮೇಡಂ ನಿಂತಿದ್ದರು. ಆ ಗೊಂಬೆ ಬಂದ ದಿನವೇ ಅವರು, ಅದನ್ನು ಒರೆಸುವುದು ಬಿಟ್ಟು ಬೇರೆ ಯಾವ ಕಾರಣಕ್ಕೂ ಮುಟ್ಟಕೂಡದು, ಮುಟ್ಟಿದರೆ ಗೋದಾಮಿಗೆ ವರ್ಗ ಎಂದು ಹೇಳಿದ್ದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮಾಮ ಬಾಯಿ ಮುಚ್ಚಿಕೊಂಡ. ಹೇಗೂ ತನ್ನ ಎದೆ ಗಟ್ಟಿಯಾಗಿದೆಯಲ್ಲ, ಇನ್ನೊಂದು ಪರೀಕ್ಷೆ ಮಾಡಿದರೆ ತಾನೇ ತಿಳಿಯುತ್ತದೆ ಎಂದುಕೊಂಡ.

"ಗಾಬರಿ ಬೇಡ. ಇಸಿಜಿ ತೆಗೆಯೋಣ. ಯಂತ್ರ ಎಲ್ಲಿದೆ?" ಎಂದರು ಡಾಕ್ಟರಮ್ಮ.

"ಅಭ್ಯಾಸದ ಕೋಣೆಯಲ್ಲಿ."

ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಗುಮಾಸ್ತ ಕಿವಿಯ ಹತ್ತಿರ ಬಗ್ಗಿ ಧೈರ್ಯ ಹೇಳಿದ. "ಏನೂ ಆಗಲ್ಲ ಬಿಡಿ ಮಾಮ. ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಕೊನೇವರೆಗೂ ನಗ್ತಾನೇ ಇದ್ರು."

"ಕೊನೇವರೆಗೂ ಅಂದ್ರೆ?"

"ಅದೇ, ಸಂಜೆವರೆಗೆ."

ಇನ್ನೊಂದು ಕಡೆಯಿಂದ ಗೇಟಿನ ಅಕ್ಕ ಬಗ್ಗಿದಳು. ಅವಳು ಮಾಮನ ಮುಖ ನೋಡದೆ ಅಂಗಿಯ ಗುಂಡಿಗಳನ್ನು ನೋಡುತ್ತ, ತುಂಬ ಮರ್ಯಾದೆಯಿಂದ ಕೇಳಿದಳು: "ಒಳಗಿರೋರಿಗೆ ಏನಾದ್ರೂ ಬೇಕಾ? ಟೀ ತರಿಸ್ಲಾ?"

"ಅಕ್ಕ, ಒಳಗೆ ನಾನೊಬ್ಬನೇ ಇರೋದು!"

"ಹೌದು, ಹೌದು. ಹಾಗೇ ಹೇಳ್ತಾರೆ" ಎಂದು ಅವಳು ಹಿಂದೆ ಸರಿದಳು.

ಕೋಣೆಯಲ್ಲಿ ಖಾಲಿ ಹಾಸಿಗೆ ಇರಲಿಲ್ಲ. ಹುಡುಗಿಯರು ಮೂರನೇ ಹಾಸಿಗೆಯ ಮೂಗಿಲ್ಲದ ಗೊಂಬೆಯನ್ನು ಎತ್ತಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಅದು ನಿಧಾನವಾಗಿ ಮುಂದಕ್ಕೆ ಬಗ್ಗಿ, ಪಾದ ನೋಡುತ್ತ ಹಾಗೆಯೇ ನಿಂತುಹೋಯಿತು. ಮಾಮನಿಗೆ ಅದು ಕುಳಿತ ಭಂಗಿಯನ್ನು ನೋಡಲಾಗಲಿಲ್ಲ. "ಅದನ್ನ ನೆಟ್ಟಗೆ ಕೂರಿಸಿ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನನ್ನು ಮೂರನೇ ಹಾಸಿಗೆಯಲ್ಲಿ ಮಲಗಿಸಿ, ಕತ್ತಿನವರೆಗೆ ಹೊದಿಸಿದರು. ಇಪ್ಪತ್ತು ವರ್ಷ ತಾನು ಹೊದಿಸಿದ ರೀತಿಯಲ್ಲೇ, ಎರಡು ಅಂಚನ್ನೂ ಒಳಕ್ಕೆ ಮಡಿಸಿ.

ಪಕ್ಕದಲ್ಲಿ ಒಂದು ತೋಳಿನ ದೂರದಲ್ಲಿ ನಾಲ್ಕನೆಯವನು ಮಲಗಿದ್ದ. ಉಸ್ ಎಂದು ಎದೆ ಏರಿತು. ಉಸ್ ಎಂದು ಇಳಿಯಿತು. ಇಸಿಜಿ ತಂತಿಗಳನ್ನು ಬಿಡಿಸುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮಾಮನ ಕೈ ಹಿಡಿದು ನಾಡಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಸರಿದರು. ಒಬ್ಬಳು ಅಭ್ಯಾಸಬಲದಿಂದ ಅವನ ಕಣ್ಣಿನ ರೆಪ್ಪೆ ಎತ್ತಿ, "ಇದರದ್ದು ಸರಿಯಾಗಿ ಮುಚ್ಚಲ್ಲ" ಎಂದಳು.

"ನಾನಮ್ಮಾ, ಮಾಮ!"

"ಸಾರಿ ಮಾಮ" ಎಂದಳು. ಆದರೆ ಒಮ್ಮೆ ಆ ಹಾಸಿಗೆಯನ್ನು, ಒಮ್ಮೆ ಈ ಹಾಸಿಗೆಯನ್ನು ನೋಡಿಯೇ ಹಿಂದಕ್ಕೆ ಹೋದಳು.

ಅಷ್ಟರಲ್ಲಿ ಯಾರೋ ಫೋನು ಮಾಡಿದ್ದರಿಂದ ಹೆಂಡತಿ ಓಡುತ್ತ ಬಂದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಮಾಮನದು. ಬಾಗಿಲಲ್ಲೇ ಗುಮಾಸ್ತ ಎಲ್ಲ ಹೇಳಿ ಮುಗಿಸಿದ್ದ. ಅವಳು ಮೂರನೇ, ನಾಲ್ಕನೇ ಹಾಸಿಗೆಗಳ ನಡುವಿನ ಸ್ಟೂಲಿನ ಮೇಲೆ ಕುಸಿದು ಕೂತು, ಕರ್ಚೀಫು ಮುಖಕ್ಕೆ ಒತ್ತಿಕೊಂಡಳು.

"ಚೀಟಿ ತರದಿದ್ರೂ ಪರವಾಗಿರ್ಲಿಲ್ಲ ರೀ" ಎಂದು ಬಿಕ್ಕಿದಳು. "ಬಾಗಿಲು ತೆಗೀತಿದ್ದೆ. ಸುಮ್ನೆ ಹೇಳಿದ್ದೆ ನಾನು. ನಿಮ್ಮಪ್ಪನ ಹಾಗೆ ನನ್ನ ಬಿಟ್ಟು ಹೋಗ್ಬೇಡಿ."

ಗೋದಾಮಿನ ಭಯ ಅಲ್ಲಿಗೆ ಮುಗಿಯಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಅತ್ತದ್ದನ್ನು ಮಾಮ ಎರಡೇ ಸಲ ನೋಡಿದ್ದ. ಹೊದಿಕೆ ಕಿತ್ತೆಸೆದು ಎದ್ದು ಕೂತ.

"ನಂಗೇನೂ ಆಗಿಲ್ಲ ಕಣೇ! ಆ ನೇರ ಗೆರೆ ನಂದಲ್ಲ. ಇವನದು!" ಎಂದು ನಾಲ್ಕನೇ ಹಾಸಿಗೆ ತೋರಿಸಿದ. ತುರಿಕೆಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಪಟ್ಟಿ ಬಿಚ್ಚಿದ್ದು, ಅದು ಕೂಗಿದ್ದು, ಗೊಂಬೆಗೆ ಕಟ್ಟಿದ್ದು, ಗೋದಾಮಿಗೆ ಹೋದದ್ದು.

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕರು. ಗುಮಾಸ್ತನಿಗೆ ಸ್ವಲ್ಪ ನಿರಾಸೆಯಾದರೂ ನಕ್ಕ. "ಹಾಗಾದ್ರೆ ಒಳಗೆ ಯಾರೂ ಇಲ್ವಾ?" ಎಂದು ಗೇಟಿನ ಅಕ್ಕ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಹೆಂಡತಿ ಕರ್ಚೀಫಿನಲ್ಲೇ ಮಾಮನ ಭುಜಕ್ಕೆ ನಾಲ್ಕು ಬಾರಿಸಿದಳು. ಮೇಡಂ ಮಾತ್ರ, "ನನ್ನ ಹೊಸ ಗೊಂಬೆಗೆ! ನಾಳೆಯಿಂದ ನೀವು ಗೋದಾಮು!" ಎಂದರು. ಆಗಲಿ ಮೇಡಂ ಎಂದ ಮಾಮ. ಬದುಕಿರುವವನಿಗೆ ಗೋದಾಮಾದರೇನು?

ಡಾಕ್ಟರಮ್ಮ ನಗುತ್ತಿರಲಿಲ್ಲ. ಕೈಯಲ್ಲಿದ್ದ ಹಾಳೆ ನೋಡುತ್ತಿದ್ದರು.

"ಗೊಂಬೆಗೆ ಕಟ್ಟಿದ್ದು ಎಷ್ಟು ಹೊತ್ತಿಗೆ?"

"ಹತ್ತೂಕಾಲಿಗೆ."

"ಬಿಚ್ಚಿದ್ದು?"

"ಹನ್ನೊಂದೂಮುಕ್ಕಾಲಿಗೆ. ಗಡಿಯಾರ ನೋಡೇ ಬಿಚ್ಚಿದೆ ಡಾಕ್ಟರೇ."

ಅವರು ಹಾಳೆಯ ಅಡಿಯ ಅಂಕಿಗಳ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ಓಡಿಸಿದರು. ಕೋಣೆಯ ನಗು ಒಂದೊಂದೇ ಬಾಯಿಂದ ಇಳಿಯುತ್ತ ಬಂತು.

"ಹತ್ತೂಕಾಲಿಂದ ಹನ್ನೊಂದೂಮುಕ್ಕಾಲಿನ ತನಕ ಇರೋದು ಕುಣಿಯೋ ಗೆರೆ" ಎಂದರು.

"ಅಲ್ಲ, ಅದು..." ಎಂದ ಮಾಮ.

"ಒಂಬತ್ತರಿಂದ ಹತ್ತೂಕಾಲು, ಆಮೇಲೆ ಹನ್ನೊಂದೂಮುಕ್ಕಾಲಿಂದ ಒಂದು ಗಂಟೆ. ಆಗ ನೇರ ಗೆರೆ."

ಮೇಡಂ ಗಂಟಲು ಸರಿಮಾಡಿಕೊಂಡರು. ಅವರ ದನಿಯಲ್ಲಿ ಗೋದಾಮು ಇರಲಿಲ್ಲ. "ಈ ಗೊಂಬೆಗೆ ಓಟಗಾರ ಹುಡುಗನೊಬ್ಬನ ಎದೆಬಡಿತ ಹಾಕಿಸಿದ್ದೀವಿ" ಎಂದರು ಮೆಲ್ಲಗೆ. "ಉಸಿರಿಗೆ ತಕ್ಕ ಹಾಗೆ ಏರೋದು, ಇಳಿಯೋದು, ಎಲ್ಲಾ ಸೇರಿಸಿ. ಸತ್ತಂಗಿರೋ ಗೊಂಬೆ ಮುಟ್ಟಿ ಮುಟ್ಟಿ ಮಕ್ಕಳಿಗೆ ಬದುಕಿರೋರ ನಾಡಿ ಹೇಗಿರುತ್ತೆ ಅಂತಾನೇ ತಿಳೀತಿರ್ಲಿಲ್ಲ. ಅದಕ್ಕೇ."

ಉಸ್ ಎಂದು ನಾಲ್ಕನೆಯವನ ಎದೆ ಏರಿತು.

"ಮಲಕ್ಕೊಳ್ಳಿ" ಎಂದರು ಡಾಕ್ಟರಮ್ಮ, ಮೊದಲಿಗಿಂತ ಮೃದುವಾಗಿ. "ಇದು ಕಾಯಿಲೆನೇ ಅಂತಲ್ಲ. ಬರಬಹುದು ಅನ್ನೋ ಸುಳಿವು ಅಷ್ಟೆ. ಸುಳಿವು ತಪ್ಪೂ ಆಗಬಹುದು. ಆದ್ರೆ ನಿಮ್ಮಪ್ಪನ ವಿಷಯ ಕೇಳಿದ ಮೇಲೆ ನಾನು ನಾಳೆವರೆಗೆ ಕಾಯಲ್ಲ. ಇವತ್ತೇ ಹೃದಯದ ಆಸ್ಪತ್ರೆಗೆ ಹೋಗೋಣ, ಪೂರ್ತಿ ನೋಡಲಿ."

ಮಾಮ ಮಲಗಿದ. ಹುಡುಗಿಯೊಬ್ಬಳು ಹೊದಿಕೆ ಎಳೆದು ಅಂಚು ಮಡಿಸಿದಳು. ಅವನು ಎರಡು ಕೈಗಳನ್ನೂ ಹೊರಗೆ ತೆಗೆದು ಎದೆಯ ಮೇಲೆ ಜೋಡಿಸಿಕೊಂಡು, ಬಡಿತ ಕೇಳಿಸುತ್ತದೇನೋ ಎಂದು ಕಾದ. ಕೇಳಿಸಿತು. ಒಂದರ ಹಿಂದೆ ಒಂದು, ಅಳೆದಿಟ್ಟ ಹಾಗೆ.

ಹೆಂಡತಿ ಸ್ಟೂಲಿನ ಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಕೂತಿದ್ದಳು. ಕರ್ಚೀಫು ಮತ್ತೆ ಕಣ್ಣಿನ ಮೇಲಿತ್ತು. ಅವಳು ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ತಡಕಾಡಿ, ಸಿಕ್ಕಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳುಗಳು ಮಣಿಕಟ್ಟಿಗೆ ಜಾರಿದವು. ಅವಳ ಬಿಕ್ಕು ನಿಂತಿತು. ಮುಖದ ಮೇಲೆ ನಿಧಾನವಾಗಿ ನಗು ಬಂತು.

"ಇಲ್ಲ ಡಾಕ್ಟರೇ, ನಿಮ್ಮ ಯಂತ್ರಾನೇ ಸರಿಯಿಲ್ಲ" ಎಂದಳು. "ನೋಡಿ, ಕೈ ಎಷ್ಟು ಬೆಚ್ಚಗಿದೆ. ನಾಡಿ ಎಷ್ಟು ಚೆನ್ನಾಗಿ ಹೊಡ್ಕೊಳ್ತಿದೆ. ನಮ್ಮನೆಯವರಿಗೆ ಏನೂ ಆಗಿಲ್ಲ."

ಡಾಕ್ಟರಮ್ಮ ಅವಳ ಕೈ ನೋಡಿದರು. ಮೇಡಂ ನೋಡಿದರು. ಗುಮಾಸ್ತ ಬಾಯಿ ತೆರೆದು, ಜೀವನದಲ್ಲಿ ಮೊದಲ ಸಲ ಏನೂ ಹೇಳದೆ ಮುಚ್ಚಿದ.

ಮಾಮ ತನ್ನ ಎದೆಯ ಮೇಲೆ ನೋಡಿಕೊಂಡ. ಅವನ ಎರಡು ಕೈಯೂ ಅಲ್ಲೇ ಇದ್ದವು.